ಡೀಸೆಲ್ ಕ್ರಾಸ್‌ಓವರ್: ಒಡೆತನ, ಟ್ಯೂನಿಂಗ್ ಮತ್ತು ಟೈರ್ ಆಯ್ಕೆ

ಕಾರಿನ ಅಡಿಪಾಯದ ಮೇಲೆ ಎಸ್‌ಯುವಿಯಂಥ ಎತ್ತರದ ಮೈ ಕಟ್ಟಿ, ಡೀಸೆಲ್ ಎಂಜಿನ್ ಕೂರಿಸಿದ ಕುಟುಂಬ ವಾಹನವೇ ಡೀಸೆಲ್ ಕ್ರಾಸ್‌ಓವರ್. ಬೊಲೆರೊ, ಸ್ಕಾರ್ಪಿಯೊಗಳಲ್ಲಿ ಲಾರಿಗಿರುವಂತೆ ಪ್ರತ್ಯೇಕ ಉಕ್ಕಿನ ಚಾಸಿ ಇದ್ದು, ಬಾಡಿಯನ್ನು ಅದರ ಮೇಲೆ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಕ್ರಾಸ್‌ಓವರ್‌ನಲ್ಲಿ ಚಾಸಿಯೂ ಬಾಡಿಯೂ ಒಂದೇ ಆಗಿ ಬೆಸೆದುಕೊಂಡಿರುತ್ತವೆ. ಇದು ಮಾನೊಕಾಕ್ ರಚನೆ. ಇದರಿಂದ ಗಾಡಿಯ ತೂಕ ಇಳಿಯುತ್ತದೆ, ಒಳಗೆ ಜಾಗ ಹೆಚ್ಚುತ್ತದೆ, ಓಟ ಕಾರಿನಷ್ಟೇ ಹಗುರವಾಗಿರುತ್ತದೆ. ಹುಂಡೈ ಕ್ರೆಟಾ, ಕಿಯಾ ಸೆಲ್ಟೋಸ್, ಟಾಟಾ ಹ್ಯಾರಿಯರ್, ಮಹೀಂದ್ರ ಎಕ್ಸ್‌ಯುವಿ700 ಭಾರತದಲ್ಲಿ ಈ ವರ್ಗದ ಪರಿಚಿತ ಹೆಸರುಗಳು. ಇವುಗಳಲ್ಲಿ ಬಹುಪಾಲು ಗಾಡಿಗಳನ್ನು ಎಳೆಯುವುದು ಮುಂದಿನ ಎರಡು ಚಕ್ರಗಳು ಮಾತ್ರ. ಮಾತಿನಲ್ಲಿ ಎಲ್ಲರೂ ಎಸ್‌ಯುವಿ ಎಂದೇ ಕರೆದರೂ ಇವು ಮೂಲತಃ ಡಾಂಬರು ರಸ್ತೆಯ ವಾಹನಗಳು.

ಚರಿತ್ರೆ

ಜರ್ಮನಿಯ ಎಂಜಿನಿಯರ್ ರುಡಾಲ್ಫ್ ಡೀಸೆಲ್ 1892ರಲ್ಲಿ ತನ್ನ ಎಂಜಿನ್ನಿಗೆ ಪೇಟೆಂಟ್ ಕೋರಿದ. ಸಮರ್ಪಕವಾಗಿ ಓಡುವ ಮಾದರಿ ಸಿದ್ಧವಾದದ್ದು 1897ರಲ್ಲಿ. ಹಡಗು, ಲಾರಿ, ಪಂಪ್‌ಸೆಟ್ಟುಗಳಿಗೆ ಒಗ್ಗಿದ ಈ ಭಾರದ ಎಂಜಿನ್ ಕಾರಿಗೆ ಬರಲು ಕಾಲ ಹಿಡಿಯಿತು. 1936ರ ಮರ್ಸಿಡಿಸ್ ಬೆಂಜ್ 260 ಡಿ ಆರಂಭದ ಡೀಸೆಲ್ ಕಾರುಗಳಲ್ಲೊಂದು. ಡೀಸೆಲ್ ಕಾರಿನ ಗಡಗಡ ಸದ್ದು ಮತ್ತು ಕಪ್ಪು ಹೊಗೆ ನಿಜವಾಗಿ ತಗ್ಗಿದ್ದು ಹೆಚ್ಚಿನ ಒತ್ತಡದಲ್ಲಿ ಇಂಧನ ಚಿಮ್ಮಿಸುವ ಕಾಮನ್ ರೈಲ್ ವ್ಯವಸ್ಥೆ ಬಂದ ಮೇಲೆ. ಫಿಯಟ್ ಸಂಸ್ಥೆಯಲ್ಲಿ ರೂಪುಗೊಂಡು ಬಾಷ್ ಕಂಪನಿಯ ಕೈಯಲ್ಲಿ ಉತ್ಪಾದನೆಗೆ ಸಿದ್ಧವಾದ ಈ ತಂತ್ರಜ್ಞಾನ 1997ರ ಆಲ್ಫಾ ರೋಮಿಯೊ 156ರಲ್ಲಿ ಮೊದಲು ರಸ್ತೆಗಿಳಿಯಿತು.

ಡೀಸೆಲ್ ತಂತ್ರಜ್ಞಾನಕ್ಕೂ ಕರ್ನಾಟಕಕ್ಕೂ ಹಳೆಯ ನಂಟಿದೆ. 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೊ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ದಶಕಗಳ ಕಾಲ ಡೀಸೆಲ್ ಇಂಜೆಕ್ಷನ್ ಪಂಪು ತಯಾರಿಸಿತು. ನಗರದ ಮೈಕೊ ಲೇಔಟ್‌ಗೆ ಹೆಸರು ಬಂದದ್ದು ಈ ಕಂಪನಿಯಿಂದಲೇ. 2008ರಲ್ಲಿ ಅದು ಬಾಷ್ ಲಿಮಿಟೆಡ್ ಆಯಿತು.

ಕ್ರಾಸ್‌ಓವರ್ ಎಂಬ ಬಗೆಯನ್ನು ಜಗತ್ತಿಗೆ ಪರಿಚಯಿಸಿದವುಗಳಲ್ಲಿ 1994ರ ಟೊಯೊಟಾ ರಾವ್4 ಮುಖ್ಯವಾದುದು. ಯುರೋಪಿನ ಕುಟುಂಬಗಳನ್ನು ಹ್ಯಾಚ್‌ಬ್ಯಾಕ್‌ನಿಂದ ಇತ್ತ ಸೆಳೆದದ್ದು ನಿಸಾನ್ ಕಾಶ್ಕಾಯ್. ಭಾರತದಲ್ಲಿ 2011ರ ಮಹೀಂದ್ರ ಎಕ್ಸ್‌ಯುವಿ500, 2012ರ ರೆನೊ ಡಸ್ಟರ್, 2015ರ ಹುಂಡೈ ಕ್ರೆಟಾ ಈ ವರ್ಗವನ್ನು ಬೆಳೆಸಿದವು. 2019ರಲ್ಲಿ ಟಾಟಾ ಹ್ಯಾರಿಯರ್ ಮತ್ತು ಕಿಯಾ ಸೆಲ್ಟೋಸ್ ಬಂದವು. ಸೆಲ್ಟೋಸ್ ತಯಾರಾಗುವುದು ಬೆಂಗಳೂರು–ಹೈದರಾಬಾದ್ ಹೆದ್ದಾರಿಯ ಪೆನುಕೊಂಡದ ಬಳಿ, ಕರ್ನಾಟಕದ ಗಡಿಗೆ ಹತ್ತಿರದಲ್ಲೇ.

2010ರ ದಶಕದ ಆರಂಭದಲ್ಲಿ ಡೀಸೆಲ್ ಗಾಡಿಗೆ ಬೇಡಿಕೆ ಏರಲು ಸರ್ಕಾರದ ಬೆಲೆ ನೀತಿಯೂ ಕಾರಣ. ಪೆಟ್ರೋಲ್ ಬೆಲೆ 2010ರಲ್ಲೇ ನಿಯಂತ್ರಣದಿಂದ ಹೊರಬಂದಿತ್ತು. ಡೀಸೆಲ್ ಬೆಲೆ ಹೊರಬಂದದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ನಾಲ್ಕು ವರ್ಷ ಎರಡರ ದರದ ಅಂತರ ದೊಡ್ಡದಾಗಿತ್ತು. ಅಂತರ ಕಿರಿದಾದಂತೆ ಬೇಡಿಕೆಯೂ ಇಳಿಯಿತು. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಜಾರಿಯಾದಾಗ ಮಾರುತಿ, ರೆನೊ, ಫೋಕ್ಸ್‌ವ್ಯಾಗನ್, ಸ್ಕೋಡಾ ಕಂಪನಿಗಳು ಭಾರತದಲ್ಲಿ ಡೀಸೆಲ್ ಕೈಬಿಟ್ಟವು. ಹುಂಡೈ, ಕಿಯಾ, ಟಾಟಾ, ಮಹೀಂದ್ರ ಮುಂದುವರಿಸಿದವು.

ಎಂಜಿನ್ನಿನ ಗುಣ

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು 16 ಪಟ್ಟು ಒತ್ತಿದಾಗ ಅದು ಕಾಯುತ್ತದೆ. ಆ ಬಿಸಿ ಗಾಳಿಗೆ ಇಂಜೆಕ್ಟರ್‌ಗಳು ಡೀಸೆಲ್ ಚಿಮ್ಮಿಸಿದಾಗ ಅದು ತಾನೇ ಹೊತ್ತಿಕೊಳ್ಳುತ್ತದೆ. ಇಂದಿನ ಕಾಮನ್ ರೈಲ್‌ನಲ್ಲಿ ಇಂಧನದ ಒತ್ತಡ 1,600 ಬಾರ್‌ನಿಂದ 2,000 ಬಾರ್‌ವರೆಗೂ ಇರುತ್ತದೆ. ಒಂದೊಂದು ಸುತ್ತಿನಲ್ಲೂ ಇಂಧನವನ್ನು ಹಲವು ಸಣ್ಣ ಕಂತುಗಳಲ್ಲಿ ಚಿಮ್ಮಿಸುವುದರಿಂದ ಸದ್ದು ತಗ್ಗುತ್ತದೆ.

ಚಾಲಕನಿಗೆ ಇದರ ಫಲ ಸಿಗುವುದು ತಿರುಗಿಸುವ ಬಲದಲ್ಲಿ, ಅಂದರೆ ಟಾರ್ಕ್‌ನಲ್ಲಿ. ಕ್ರೆಟಾದ 1.5 ಲೀಟರ್ ಪೆಟ್ರೋಲ್ ಎಂಜಿನ್ 115 ಪಿಎಸ್ ಶಕ್ತಿ, 144 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಟಾರ್ಕ್ ಗರಿಷ್ಠ ಮಟ್ಟ ಮುಟ್ಟುವುದು ನಿಮಿಷಕ್ಕೆ 4,500 ಸುತ್ತಿನಲ್ಲಿ. ಅದೇ ಗಾಡಿಯ 1,493 ಸಿಸಿ ಡೀಸೆಲ್ ಎಂಜಿನ್ನಿನ ಶಕ್ತಿ 116 ಪಿಎಸ್, ಬಹುತೇಕ ಅಷ್ಟೇ. ಟಾರ್ಕ್ ಮಾತ್ರ 250 ನ್ಯೂಟನ್ ಮೀಟರ್, ಅದೂ 1,500 ಸುತ್ತಿನಿಂದಲೇ ಲಭ್ಯ. ಐದು ಜನ, ಡಿಕ್ಕಿ ತುಂಬ ಲಗೇಜು ಹೇರಿಕೊಂಡು ಶಿರಾಡಿ ಘಾಟಿ ಹತ್ತುವಾಗ ಪದೇ ಪದೇ ಗೇರ್ ಇಳಿಸದೆ ಲಾರಿಯನ್ನು ಹಿಂದಿಕ್ಕಲು ಸಾಧ್ಯವಾಗುವುದು ಇದರಿಂದಲೇ.

ವೆಚ್ಚದ ಲೆಕ್ಕ

ಒಂದೇ ಗಾಡಿಯ ಡೀಸೆಲ್ ಮಾದರಿಗೆ ಪೆಟ್ರೋಲ್ ಮಾದರಿಗಿಂತ ಒಂದೂವರೆ ಲಕ್ಷ ರೂಪಾಯಿಯಷ್ಟು ಹೆಚ್ಚು ಬೆಲೆ ಎಂದಿಟ್ಟುಕೊಳ್ಳೋಣ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಡೀಸೆಲ್ 91 ರೂಪಾಯಿ, ಮೈಲೇಜ್ ಕ್ರಮವಾಗಿ 13 ಮತ್ತು 17 ಕಿಲೋಮೀಟರ್ ಆದರೆ ಪ್ರತಿ ಕಿಲೋಮೀಟರಿಗೆ ಉಳಿಯುವುದು ಸುಮಾರು 2.57 ರೂಪಾಯಿ. ಹೆಚ್ಚು ಕೊಟ್ಟ ಹಣ ವಾಪಸಾಗಲು ಸುಮಾರು 58,000 ಕಿಲೋಮೀಟರ್ ಓಡಿಸಬೇಕು. ವರ್ಷಕ್ಕೆ 20,000 ಕಿಲೋಮೀಟರ್ ಓಡಿಸುವವರಿಗೆ ಇದು ಮೂರು ವರ್ಷದ ಮಾತು, 8,000 ಓಡಿಸುವವರಿಗೆ ಏಳು ವರ್ಷಕ್ಕೂ ಮಿಕ್ಕಿದ್ದು. ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲೂ 2025ರ ಏಪ್ರಿಲ್‌ನಲ್ಲೂ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿದ್ದರಿಂದ ಈ ಉಳಿತಾಯ ಇನ್ನಷ್ಟು ತೆಳುವಾಗಿದೆ.

ತೆರಿಗೆ ನಿಯಮಗಳು ಗಾಡಿಯ ಅಳತೆಯನ್ನೂ ನಿರ್ಧರಿಸಿವೆ. ಉದ್ದ 4 ಮೀಟರಿನೊಳಗೆ, ಡೀಸೆಲ್ ಎಂಜಿನ್ 1,500 ಸಿಸಿಯೊಳಗೆ ಇದ್ದರೆ ಜಿಎಸ್‌ಟಿ ಕಡಿಮೆ. ಹುಂಡೈ ವೆನ್ಯೂವಿನ ಉದ್ದ 3,995 ಮಿಲಿಮೀಟರ್, ನೆಕ್ಸಾನ್ ಡೀಸೆಲ್ ಎಂಜಿನ್ 1,497 ಸಿಸಿ ಇರುವುದು ಕಾಕತಾಳೀಯವೇನಲ್ಲ. 2025ರ ಸೆಪ್ಟೆಂಬರ್ 22ರಿಂದ ಈ ಸಣ್ಣ ಗಾಡಿಗಳಿಗೆ ಶೇ. 18, ಮಿತಿ ಮೀರಿದವಕ್ಕೆ ಶೇ. 40 ಜಿಎಸ್‌ಟಿ ಇದೆ. ಇದಲ್ಲದೆ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ದೇಶದಲ್ಲೇ ಹೆಚ್ಚಿನವುಗಳಲ್ಲೊಂದು. 10ರಿಂದ 20 ಲಕ್ಷ ರೂಪಾಯಿ ಬೆಲೆಯ ಗಾಡಿಗೆ ಶೇ. 17 ತೆರಿಗೆ, ಅದರ ಮೇಲೆ ಸೆಸ್.

ಹೊಗೆ ಶುದ್ಧೀಕರಣ ಮತ್ತು ದಿನಬಳಕೆ

ಹಿಂದಿನ ಬಿಎಸ್4 ನಿಯಮದಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 250 ಮಿಲಿಗ್ರಾಂ ನೈಟ್ರೋಜನ್ ಆಕ್ಸೈಡ್ ಉಗುಳಬಹುದಿತ್ತು. ಬಿಎಸ್6 ಅದನ್ನು 80ಕ್ಕೆ ಇಳಿಸಿತು. ಕಣಗಳ ಮಿತಿ 25 ಮಿಲಿಗ್ರಾಂನಿಂದ 4.5ಕ್ಕೆ ಇಳಿಯಿತು. ಡೀಸೆಲ್‌ನಲ್ಲಿರುವ ಗಂಧಕವನ್ನೂ 50ರಿಂದ 10 ಪಿಪಿಎಂಗೆ ತಗ್ಗಿಸಲಾಯಿತು. 2023ರ ಏಪ್ರಿಲ್‌ನಿಂದ ಹೊಗೆಯನ್ನು ಪ್ರಯೋಗಾಲಯದಲ್ಲಿ ಮಾತ್ರವಲ್ಲದೆ ಗಾಡಿ ರಸ್ತೆಯಲ್ಲಿ ಓಡುವಾಗಲೂ ಅಳೆಯುತ್ತಾರೆ. ಈ ಮಿತಿಗಳಿಗೆ ಒಗ್ಗಿಸಲು ಸೈಲೆನ್ಸರ್ ಕೊಳವೆಯಲ್ಲಿ ಕೂಡಿಸಿದ ಸಾಧನಗಳೇ ಇಂದು ಡೀಸೆಲ್ ಒಡೆತನದ ಸುಖದುಃಖಗಳನ್ನು ನಿರ್ಧರಿಸುತ್ತವೆ.

ಮುಖ್ಯವಾದದ್ದು ಡಿಪಿಎಫ್, ಅಂದರೆ ಮಸಿ ಹಿಡಿಯುವ ಸೋಸುಕ. ಸರಣಿ ಉತ್ಪಾದನೆಯ ಕಾರಿಗೆ ಇದು ಮೊದಲು ಬಂದದ್ದು 2000ದಲ್ಲಿ, ಪ್ಯೂಜೋ 607ರಲ್ಲಿ. ಪಿಂಗಾಣಿಯಂಥ ವಸ್ತುವಿನಲ್ಲಿ ಸಾವಿರಾರು ಸಣ್ಣ ನಾಳಗಳಿದ್ದು, ಒಂದೊಂದು ನಾಳವೂ ಒಂದು ತುದಿಯಲ್ಲಿ ಮುಚ್ಚಿರುತ್ತದೆ. ಹೊಗೆ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ನುಸುಳಿ ಹೋಗುವಾಗ ಮಸಿ ಹಿಂದೆ ಉಳಿಯುತ್ತದೆ. ಮಸಿ ತುಂಬುತ್ತ ಬಂದಂತೆ ಎಂಜಿನ್ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಸೋಸುಕವನ್ನು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ, ಮಸಿಯನ್ನು ಸುಟ್ಟುಹಾಕುತ್ತದೆ. ಇದಕ್ಕೆ ರೀಜನರೇಶನ್ ಎಂದು ಹೆಸರು. ಸರಾಗವಾಗಿ ಹೆದ್ದಾರಿಯಲ್ಲಿ ಓಡುವ ಗಾಡಿಯಲ್ಲಿ ಇದು ಹದಿನೈದಿಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಚಾಲಕನಿಗೆ ಗೊತ್ತೇ ಆಗುವುದಿಲ್ಲ.

ತೊಂದರೆ ಶುರುವಾಗುವುದು ಮನೆಯಿಂದ ಶಾಲೆಗೆ, ಶಾಲೆಯಿಂದ ಕಚೇರಿಗೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ತೆವಳುವಾಗ ಕೊಳವೆ ಕಾಯುವುದೇ ಇಲ್ಲ. ಸುಡುವಿಕೆ ಶುರುವಾದರೂ ಅರ್ಧಕ್ಕೇ ಎಂಜಿನ್ ಆಫ್ ಆಗುತ್ತದೆ. ಹಾಗೆ ಪದೇ ಪದೇ ಆದಾಗ ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದರೆ ಅದರ ಅರ್ಥ ಇದೇ. ಆಗ ಆಯಿಲ್ ತೆಳುವಾಗಿ ಬೇರಿಂಗುಗಳಿಗೆ ಕುತ್ತು. ಡಿಪಿಎಫ್ ದೀಪ ಹೊತ್ತಿಕೊಂಡಾಗ ಹೆದ್ದಾರಿಗೆ ಹೋಗಿ 60 ಕಿಲೋಮೀಟರಿಗೆ ಮೇಲ್ಪಟ್ಟ ವೇಗದಲ್ಲಿ, ಎಂಜಿನ್ ಸುತ್ತು 2,000ದ ಆಸುಪಾಸಿನಲ್ಲಿಟ್ಟು, ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ದೀಪ ಮಿನುಗಲು ತೊಡಗಿದರೆ ಸರ್ವಿಸ್ ಸೆಂಟರೇ ಗತಿ.

ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಕೆಲವು ಗಾಡಿಗಳಲ್ಲಿ ಎಲ್‌ಎನ್‌ಟಿ ಎಂಬ ಹಿಡಿಗೂಡು ಇರುತ್ತದೆ, ಮತ್ತೆ ಕೆಲವದರಲ್ಲಿ ಎಸ್‌ಸಿಆರ್ ಇರುತ್ತದೆ. ಎಸ್‌ಸಿಆರ್ ಇದ್ದರೆ ಡಿಇಎಫ್ ಎಂಬ ಯೂರಿಯಾ ದ್ರಾವಣವನ್ನು ಬೇರೆ ಟ್ಯಾಂಕಿಗೆ ತುಂಬಬೇಕು. ಎಕ್ಸ್‌ಯುವಿ700 ಡೀಸೆಲ್ ಈ ಬಗೆಯದು. ಡಿಇಎಫ್ ದ್ರಾವಣದಲ್ಲಿ ಶೇ. 32.5ರಷ್ಟು ಯೂರಿಯಾ, ಉಳಿದದ್ದು ಶುದ್ಧೀಕರಿಸಿದ ನೀರು. ಹೊಲಕ್ಕೆ ಹಾಕುವ ಯೂರಿಯಾವನ್ನು ನಲ್ಲಿ ನೀರಿನಲ್ಲಿ ಕದಡಿ ತುಂಬಿದರೆ ಇಡೀ ವ್ಯವಸ್ಥೆ ಕೆಡುತ್ತದೆ. ಡಿಇಎಫ್ ಟ್ಯಾಂಕ್ ಪೂರ್ತಿ ಬರಿದಾದರೆ ಗಾಡಿ ಮತ್ತೆ ಸ್ಟಾರ್ಟ್ ಆಗದಂತೆ ಕಂಪ್ಯೂಟರ್ ತಡೆಯುತ್ತದೆ.

ನಿರ್ವಹಣೆ

ಡಿಪಿಎಫ್ ಇರುವ ಎಂಜಿನ್ನಿಗೆ ಕಡಿಮೆ ಬೂದಿಯ, ಸಾಮಾನ್ಯವಾಗಿ ಎಸಿಇಎ ಸಿ2 ಅಥವಾ ಸಿ3 ದರ್ಜೆಯ ಆಯಿಲ್ಲೇ ಆಗಬೇಕು. ಮಸಿ ಸುಟ್ಟುಹೋಗುತ್ತದೆ, ಆದರೆ ಆಯಿಲ್‌ನಿಂದ ಬಂದ ಬೂದಿ ಸುಡದೆ ಸೋಸುಕದಲ್ಲೇ ಕೂರುತ್ತದೆ. ಡೀಸೆಲ್ ಫಿಲ್ಟರ್‌ನಲ್ಲಿ ಸೇರಿದ ನೀರನ್ನು ಹೊತ್ತುಹೊತ್ತಿಗೆ ಇಳಿಸಬೇಕು. ಒತ್ತಡ ಅಷ್ಟೊಂದಿರುವ ಇಂಜೆಕ್ಟರ್‌ಗೆ ಒಂದು ಹನಿ ನೀರೂ ವಿಷ. ವಹಿವಾಟು ಹೆಚ್ಚಿರುವ ಬಂಕಿನಲ್ಲೇ ಡೀಸೆಲ್ ಹಾಕಿಸಬೇಕು ಎಂದು ಹಳಬರು ಹೇಳುವುದರ ಹಿಂದಿನ ಕಾರಣ ಇದೇ. ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ರೇಸ್ ಮಾಡಬಾರದು. ಘಾಟಿ ಹತ್ತಿ ಬಂದು ನಿಲ್ಲಿಸಿದ ಕೂಡಲೇ ಎಂಜಿನ್ ಆಫ್ ಮಾಡದೆ ಅರ್ಧ ಒಂದು ನಿಮಿಷ ಓಡಲು ಬಿಟ್ಟರೆ ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊ ತಣಿಯುತ್ತದೆ.

ಟ್ಯೂನಿಂಗ್

ಟರ್ಬೊ ಡೀಸೆಲ್‌ನ ಶಕ್ತಿಯನ್ನು ಎಂಜಿನ್ ಬಿಚ್ಚದೆಯೇ ಏರಿಸಬಹುದು. ಸ್ಟೇರಿಂಗ್ ಕೆಳಗಿನ ಒಬಿಡಿ ಕಿಂಡಿಗೆ ಲ್ಯಾಪ್‌ಟಾಪ್ ಜೋಡಿಸಿ, ಎಂಜಿನ್ ಕಂಪ್ಯೂಟರಿನಲ್ಲಿರುವ ಕೋಷ್ಟಕಗಳನ್ನು ತಿದ್ದುವುದಕ್ಕೆ ರೀಮ್ಯಾಪ್ ಎನ್ನುತ್ತಾರೆ. ಟರ್ಬೊ ಎಷ್ಟು ಗಾಳಿ ತಳ್ಳಬೇಕು, ಡೀಸೆಲ್ ಎಷ್ಟು, ಯಾವ ಕ್ಷಣಕ್ಕೆ ಚಿಮ್ಮಬೇಕು, ಟಾರ್ಕ್ ಎಲ್ಲಿಗೆ ನಿಲ್ಲಬೇಕು ಎಂಬುದೆಲ್ಲ ಆ ಕೋಷ್ಟಕಗಳಲ್ಲಿದೆ. ಕಂಪ್ಯೂಟರನ್ನು ಮುಟ್ಟದೆ, ಸೆನ್ಸರ್‌ಗೂ ಅದಕ್ಕೂ ನಡುವೆ ಕೂತು ಸುಳ್ಳು ಸಂಕೇತ ಕೊಡುವ ಟ್ಯೂನಿಂಗ್ ಬಾಕ್ಸ್ ಇನ್ನೊಂದು ದಾರಿ. ಬಿಡಿಭಾಗ ಬದಲಿಸದೆ ಮಾಡುವ ರೀಮ್ಯಾಪ್‌ನಲ್ಲೂ ಪಿಕಪ್ ಎದ್ದು ಕಾಣುವಷ್ಟು ಏರುತ್ತದೆ.

ತಯಾರಕರೇ ಒಂದೇ ಎಂಜಿನ್ನನ್ನು ಹಲವು ಬಗೆಯಲ್ಲಿ ಹದಗೊಳಿಸುವುದುಂಟು. 2019ರಲ್ಲಿ ಹ್ಯಾರಿಯರ್‌ನ 1,956 ಸಿಸಿ ಫಿಯಟ್ ಎಂಜಿನ್ನಿನ ಶಕ್ತಿ 140 ಪಿಎಸ್ ಇತ್ತು, 2020ರಲ್ಲಿ 170 ಪಿಎಸ್ ಆಯಿತು. ಇದನ್ನು ತೋರಿಸಿ, ಕಂಪನಿ ಶಕ್ತಿಯನ್ನು ಬಚ್ಚಿಟ್ಟಿದೆ, ನಾವು ಹೊರತೆಗೆಯುತ್ತೇವೆ ಎಂದು ಟ್ಯೂನರ್‌ಗಳು ವಾದಿಸುವುದಿದೆ. ಆದರೆ ಎರಡೂ ಸಲ ಟಾರ್ಕ್ 350 ನ್ಯೂಟನ್ ಮೀಟರ್‌ನಲ್ಲೇ ಇತ್ತು ಎಂಬುದನ್ನು ಗಮನಿಸಬೇಕು. ಡಸ್ಟರ್‌ನ 85 ಪಿಎಸ್ ಮತ್ತು 110 ಪಿಎಸ್ ಎಂಜಿನ್‌ಗಳೂ ಒಂದೇ 1.5 ಲೀಟರಿನವು. ಅಲ್ಲಿ ಟಾರ್ಕ್ ಏರಿಸಬೇಕಾಗಿ ಬಂದದ್ದರಿಂದ ರೆನೊ ಟರ್ಬೊವನ್ನೇ ಬದಲಿಸಿತು, 5 ಗೇರಿನ ಪೆಟ್ಟಿಗೆಯ ಬದಲು 6 ಗೇರಿನದನ್ನು ಕೊಟ್ಟಿತು. ಕ್ಲಚ್, ಡ್ಯುಯಲ್ ಮಾಸ್ ಫ್ಲೈವೀಲ್, ಗೇರ್‌ಬಾಕ್ಸ್‌ಗಳು ಮೊದಲು ಸೋಲುವುದು ಟಾರ್ಕ್‌ಗೆ. ರೀಮ್ಯಾಪ್ ಏರಿಸುವುದೂ ಬಹುಮಟ್ಟಿಗೆ ಅದನ್ನೇ. ಹೆಚ್ಚು ಡೀಸೆಲ್ ಚಿಮ್ಮಿದಾಗ ಮಸಿಯೂ ಹೆಚ್ಚುವುದರಿಂದ ಡಿಪಿಎಫ್ ಬೇಗ ತುಂಬುತ್ತದೆ. ಆ ಕಾಟ ತಪ್ಪಿಸಲು ಡಿಪಿಎಫ್ ಕಿತ್ತುಹಾಕಿಸುವವರೂ ಇದ್ದಾರೆ. ಹೊಗೆ ತಪಾಸಣಾ ಕೇಂದ್ರದಲ್ಲಿ ಡೀಸೆಲ್ ಗಾಡಿಯ ಹೊಗೆಯ ದಟ್ಟಣೆಯನ್ನಷ್ಟೇ ನೋಡುವುದರಿಂದ ಕೆಲವರು ಸಿಕ್ಕಿಬೀಳದೆ ಇರಬಹುದು, ಹಾಗೆಂದು ಅದು ಕಾನೂನುಬದ್ಧವಾಗುವುದಿಲ್ಲ.

ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಬಹುದು. ವಾರಂಟಿ ಕೈತಪ್ಪುತ್ತದೆ. ವಿಮೆ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ಕ್ಲೇಮಿನ ಹೊತ್ತಿಗೆ ತಕರಾರಿಗೆ ಎಡೆಮಾಡುತ್ತದೆ. ಎಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದುವುದು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಹಗರಣ ಸಾಕ್ಷಿ. ಪರೀಕ್ಷೆಯ ಹೊತ್ತಿನಲ್ಲಷ್ಟೇ ಹೊಗೆ ತಗ್ಗಿಸುವ ತಂತ್ರಾಂಶ ಜಗತ್ತಿನ ಸುಮಾರು 1.1 ಕೋಟಿ ಕಾರುಗಳಲ್ಲಿತ್ತು.

ಟೈರ್

ಟೈರಿನ ಪಕ್ಕದ ಗೋಡೆಯ ಬರಹವನ್ನು ಓದಲು ಕಲಿತರೆ ಅರ್ಧ ಆಯ್ಕೆ ಮುಗಿದಂತೆ. ಕ್ರೆಟಾದ ದುಬಾರಿ ಮಾದರಿಗಳಲ್ಲಿರುವ 215/60 ಆರ್17 ಅಳತೆಯನ್ನು ತೆಗೆದುಕೊಳ್ಳೋಣ. 215 ಎಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ. 60 ಎಂದರೆ ಗೋಡೆಯ ಎತ್ತರ ಅಗಲದ ಶೇ. 60, ಅಂದರೆ 129 ಮಿಲಿಮೀಟರ್. ಆರ್ ಎಂದರೆ ರೇಡಿಯಲ್, 17 ಎಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. ಮುಂದೆ 96ಎಚ್ ಎಂದಿದ್ದರೆ ಒಂದು ಟೈರು 710 ಕಿಲೋ ಭಾರ ಹೊರುತ್ತದೆ, ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ ತಾಳುತ್ತದೆ ಎಂದರ್ಥ. ಅಂಡಾಕಾರದ ಚೌಕಟ್ಟಿನಲ್ಲಿರುವ ನಾಲ್ಕು ಅಂಕಿ ತಯಾರಿಕೆಯ ವಾರ ಮತ್ತು ವರ್ಷ. 2324 ಎಂದಿದ್ದರೆ 2024ರ 23ನೇ ವಾರ. ಹೊಸ ಟೈರ್ ಕೊಳ್ಳುವಾಗ ಅಂಗಡಿಯವರ ಮುಂದೆಯೇ ಇದನ್ನು ನೋಡಬೇಕು. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಟೈರ್ ಹೊಳೆಯುತ್ತಿದ್ದರೂ ಅದರ ರಬ್ಬರು ಹಳೆಯದೇ.

ದೊಡ್ಡ ರಿಮ್ ಹಾಕಿಸುವ ಆಸೆ ಹಲವರಿಗೆ. ಅಲ್ಲಿ ಪಾಲಿಸಬೇಕಾದ ನಿಯಮ ಒಂದೇ, ಟೈರಿನ ಒಟ್ಟು ವ್ಯಾಸ ಬದಲಾಗಬಾರದು. ಹ್ಯಾರಿಯರ್‌ಗೆ ಟಾಟಾ ಕೊಟ್ಟ ಮೂರು ಅಳತೆಗಳು ಇದಕ್ಕೆ ಒಳ್ಳೆಯ ಪಾಠ. 235/70 ಆರ್16ರ ವ್ಯಾಸ ಸುಮಾರು 735 ಮಿಲಿಮೀಟರ್, 235/65 ಆರ್17ರದು 737, 235/60 ಆರ್18ರದು 739. ರಿಮ್ ಎರಡು ಇಂಚು ದೊಡ್ಡದಾದರೂ ಹೊರಸುತ್ತು ಬಹುತೇಕ ಕದಲಿಲ್ಲ. ಹೀಗಾಗಿ ಸ್ಪೀಡೋಮೀಟರ್, ಎಬಿಎಸ್ ಲೆಕ್ಕ ತಪ್ಪುವುದಿಲ್ಲ. ಆದರೆ ಗೋಡೆಯ ಎತ್ತರ 164ರಿಂದ 141 ಮಿಲಿಮೀಟರಿಗೆ ಇಳಿಯುತ್ತದೆ. ಗುಂಡಿಗೆ ಬಿದ್ದಾಗ ಪೆಟ್ಟು ಹೀರುವುದು ಆ ಗೋಡೆಯೇ. ನಮ್ಮ ಹಂಪು, ಗುಂಡಿಗಳ ರಸ್ತೆಗೆ ಸಣ್ಣ ರಿಮ್, ಎತ್ತರದ ಗೋಡೆಯೇ ಮೇಲು. ಬೆಲೆಯೂ ಕಡಿಮೆ.

ರಬ್ಬರಿನ ವಿನ್ಯಾಸದಲ್ಲಿ ಹೆದ್ದಾರಿಗೆ ಒಪ್ಪುವ ಎಚ್‌ಟಿ ಮತ್ತು ಒರಟು ಹಾದಿಗೂ ಒಪ್ಪುವ ಎಟಿ ಎಂಬ ಎರಡು ಬಗೆ ಮುಖ್ಯ. ಎಟಿ ಟೈರಿನ ದಪ್ಪ ಗಂಟುಗಳು ಎಸ್ಟೇಟಿನ ಕಲ್ಲು, ಕೆಸರಿನ ದಾರಿಯಲ್ಲಿ ಹಿಡಿತ ಕೊಡುತ್ತವೆ. ಡಾಂಬರಿನ ಮೇಲೆ ಸದ್ದು ಮಾಡುತ್ತವೆ, ಮೈಲೇಜ್ ತಿನ್ನುತ್ತವೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ದೂರವನ್ನೂ ಹೆಚ್ಚಿಸಬಹುದು. ಮುಂದಿನ ಚಕ್ರಗಳಷ್ಟೇ ಎಳೆಯುವ ಕುಟುಂಬ ಗಾಡಿಗೆ ಎಚ್‌ಟಿ ಸಾಕು. ಮಳೆ ನೀರು ಹೊರದೂಡುವ ಅಗಲವಾದ ಕಾಲುವೆಗಳಿವೆಯೇ ಎಂದು ನೋಡಬೇಕು. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ಕಡಿದಾದ ತಿರುವುಗಳಲ್ಲಿ ಟೈರಿಗೂ ರಸ್ತೆಗೂ ನಡುವೆ ನೀರಿನ ಪದರ ನಿಂತರೆ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಕಾಲುವೆಯೊಳಗಿನ ಸಣ್ಣ ದಿಣ್ಣೆಗಳು 1.6 ಮಿಲಿಮೀಟರಿನ ಕಾನೂನು ಮಿತಿಯ ಗುರುತು. ಮಲೆನಾಡು, ಕರಾವಳಿಯಲ್ಲಿ ಓಡಾಡುವವರು 3 ಮಿಲಿಮೀಟರ್ ಇರುವಾಗಲೇ ಬದಲಿಸುವುದು ಒಳಿತು.

ಭಾರದ ಡೀಸೆಲ್ ಎಂಜಿನ್ನನ್ನು ಹೊರುವುದು, ಗಾಡಿಯನ್ನು ಎಳೆಯುವುದು, ತಿರುಗಿಸುವುದು ಮೂರೂ ಮುಂದಿನ ಟೈರುಗಳ ಕೆಲಸವಾದ್ದರಿಂದ ಅವು ಬೇಗ ಸವೆಯುತ್ತವೆ. 8,000ದಿಂದ 10,000 ಕಿಲೋಮೀಟರಿಗೊಮ್ಮೆ ಮುಂದಿನವನ್ನು ಹಿಂದಕ್ಕೆ ಹಾಕಿಸಿ, ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಮಾಡಿಸಬೇಕು. ಎರಡೇ ಹೊಸ ಟೈರ್ ಕೊಂಡಾಗ ಅವನ್ನು ಹಿಂದಿನ ಚಕ್ರಗಳಿಗೆ ಹಾಕಿಸಬೇಕು. ಒದ್ದೆ ರಸ್ತೆಯಲ್ಲಿ ಹಿಂಬದಿ ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಸಾಮಾನ್ಯ ಚಾಲಕನಿಗೆ ಅದು ಹತೋಟಿಗೆ ಬರುವುದಿಲ್ಲ. ನಾಲ್ಕೂ ಚಕ್ರ ಎಳೆಯುವ ಮಾದರಿಗಳಲ್ಲಿ ನಾಲ್ಕು ಟೈರೂ ಒಂದೇ ಸುತ್ತಳತೆಯಲ್ಲಿರಬೇಕು. ಗಾಳಿಯ ಒತ್ತಡವನ್ನು ಟೈರ್ ತಣ್ಣಗಿರುವಾಗ, ಚಾಲಕನ ಬಾಗಿಲ ಪಕ್ಕದ ಚೀಟಿಯಲ್ಲಿರುವಂತೆ ನೋಡಬೇಕು. ತುಂಬು ಸಂಸಾರ ಮತ್ತು ಲಗೇಜಿಗೆ ಅಲ್ಲಿ ಬೇರೆ ಅಂಕಿಯೇ ಇರುತ್ತದೆ. ಅನೇಕ ಗಾಡಿಗಳ ಸ್ಟೆಪ್ನಿ ಅಳತೆಯಲ್ಲಿ ಚಿಕ್ಕದು. ಅದನ್ನು ಹಾಕಿಕೊಂಡಾಗ ಗಂಟೆಗೆ 80 ಕಿಲೋಮೀಟರ್ ಮೀರದೆ ಪಂಕ್ಚರ್ ಅಂಗಡಿ ಮುಟ್ಟಬೇಕು.

ದೇಶದ ಟೈರ್ ಉದ್ಯಮದಲ್ಲಿ ಮೈಸೂರಿಗೂ ಸ್ಥಾನವಿದೆ. ಅಲ್ಲಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆ ಟೈರ್ ಕೈಸೇರಿತು. 2022ರ ಅಕ್ಟೋಬರ್‌ನಿಂದ ಹಂತಹಂತವಾಗಿ ಜಾರಿಯಾದ ಎಐಎಸ್-142 ಮಾನದಂಡ ಟೈರುಗಳ ಉರುಳುವಿಕೆಯ ತಡೆ, ಒದ್ದೆ ರಸ್ತೆಯ ಹಿಡಿತ ಮತ್ತು ಸದ್ದಿಗೆ ಮಿತಿ ಹಾಕಿದೆ.

ಹಳೆಯ ಗಾಡಿ ಮತ್ತು ಮುಂದಿನ ದಿನ

ಸೆಕೆಂಡ್ ಹ್ಯಾಂಡ್ ಡೀಸೆಲ್ ಕೊಳ್ಳುವಾಗ ಓಡಿದ ಕಿಲೋಮೀಟರಿಗಿಂತ ಹೇಗೆ ಓಡಿದೆ ಎಂಬುದು ಮುಖ್ಯ. ಹುಬ್ಬಳ್ಳಿ–ಬೆಂಗಳೂರು ನಡುವೆ ಓಡಿ ಲಕ್ಷ ದಾಟಿದ ಗಾಡಿಯ ಡಿಪಿಎಫ್, ಊರೊಳಗೇ 30,000 ಓಡಿದ ಗಾಡಿಯದಕ್ಕಿಂತ ಚೆನ್ನಾಗಿರಬಹುದು. ದೆಹಲಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳಿಗೆ 2015ರಲ್ಲಿ ಹಸಿರು ನ್ಯಾಯಮಂಡಳಿ ಹಾಕಿದ ನಿಷೇಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಆ ನಂತರ ಆದೇಶದಲ್ಲಿ ಬದಲಾವಣೆಗಳಾಗಿದ್ದರೂ ಅಲ್ಲಿನ ಹಳೆಯ ಗಾಡಿಗಳು ಅಗ್ಗದ ಬೆಲೆಗೆ ದಕ್ಷಿಣಕ್ಕೆ ಬರುತ್ತವೆ. ಕೊಳ್ಳುವ ಮುನ್ನ ಕರ್ನಾಟಕದಲ್ಲಿ ಮತ್ತೆ ಕಟ್ಟಬೇಕಾದ ತೆರಿಗೆಯನ್ನೂ ಬೆಲೆಗೆ ಕೂಡಿಸಿಕೊಳ್ಳಬೇಕು. ಕರ್ನಾಟಕದಲ್ಲಿ ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಇರುತ್ತದೆ, ಆಮೇಲೆ ಎಫ್‌ಸಿ ಮಾಡಿಸಿ ನವೀಕರಿಸಬೇಕು.

ವರ್ಷಕ್ಕೆ 15,000 ಕಿಲೋಮೀಟರಿಗಿಂತ ಹೆಚ್ಚು, ಅದೂ ಬಹುಪಾಲು ಹೆದ್ದಾರಿಯಲ್ಲಿ ಓಡಿಸುವ ಕುಟುಂಬಕ್ಕೆ ಡೀಸೆಲ್ ಕ್ರಾಸ್‌ಓವರ್ ಇಂದಿಗೂ ತಕ್ಕ ಗಾಡಿ. ಊರೊಳಗಿನ ಓಡಾಟವೇ ಹೆಚ್ಚಿದ್ದರೆ ಪೆಟ್ರೋಲ್, ಹೈಬ್ರಿಡ್ ಅಥವಾ ವಿದ್ಯುತ್ ಕಾರು ಲೇಸು. ರೀಮ್ಯಾಪ್‌ಗೆಂದು ಎತ್ತಿಟ್ಟ ಹಣವಿದ್ದರೆ ಅದನ್ನು ನಾಲ್ಕು ಒಳ್ಳೆಯ ಟೈರಿಗೆ ಹಾಕುವುದು ಜಾಣತನ.